ಮೈಲವ್ವನ ಪ್ರತಿಮೆಯ ಸ್ಥಿತಿಗತಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೇವಿನ ಮರದ ಕೆಳಗೆ ಸ್ಥಾಪನೆಗೊಂಡಿರುವ ದಿವಂಗತ ಮೈಲವ್ವನವರ ಪ್ರತಿಮೆಯು ಪ್ರತಿದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುತ್ತದೆ. ಇದು ಸಮಿತಿಯ ಒಪ್ಪಿಗೆ ಪಡೆದೇ ನಡೆಯುತ್ತಿರುವ ವ್ಯವಸ್ಥೆ. ಆದರೂ ಪರವೂರಿನ ಕೆಲವರು ಖಾಲಿ ಕಟ್ಟೆಯ ಫೋಟೊ ತೆಗೆದು, ಪ್ರತಿಮೆ ಕಳುವಾಗಿದೆ ಎಂದು ಮೊಬೈಲಿನಲ್ಲಿ ಹಬ್ಬಿಸಿದ್ದಾರೆ. ಈ ಗೊಂದಲ ನಿವಾರಿಸುವ ಸಲುವಾಗಿ, ಸಮಿತಿಯ ಸಹಕಾರ್ಯದರ್ಶಿಯೂ ನಡಾವಳಿ ಬರೆಯುವವನೂ ಆದ ನಾನು, ಅಂದರೆ ಅಗಡಿಯಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಹೋಗುವವನು, ನಡೆದದ್ದನ್ನು ನಡೆದ ಹಾಗೆ ಇಲ್ಲಿ ದಾಖಲಿಸುತ್ತಿದ್ದೇನೆ. ನನ್ನ ಕಡೆಯಿಂದ ಏನನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಬೀಳಲಿಲ್ಲ.

ಮೈಲವ್ವ ಯಾರೆಂಬುದನ್ನು ಮೊದಲು ಹೇಳಬೇಕು. ಸುಗ್ಗಿಯ ತಿಂಗಳಲ್ಲಿ ಬ್ಯಾಡಗಿ ಸ್ಟೇಶನ್ನಿನಲ್ಲಿ ಇಳಿದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತದೆ. ಎತ್ತ ನೋಡಿದರೂ ಕೆಂಪು ಕಾಯಿಯ ರಾಶಿ, ಗಾಳಿಯಲ್ಲೆಲ್ಲ ಅದರ ಘಾಟು. ಹೊಸಬರು ಸೀನಿ ಸುಸ್ತಾಗುತ್ತಾರೆ, ನಮ್ಮವರು ಸೀನುತ್ತಲೇ ವ್ಯಾಪಾರ ಮಾಡುತ್ತಾರೆ. ಈ ಘಾಟಿನ ನಟ್ಟನಡುವೆ, ಬೇವಿನ ಮರದ ಕೆಳಗೆ, ನೀರು ತುಂಬಿದ ಮಣ್ಣಿನ ಹರವಿಗಳನ್ನು ಇಟ್ಟುಕೊಂಡು ಮೈಲವ್ವ ತನ್ನ ಆಯುಷ್ಯವನ್ನೆಲ್ಲ ಕಳೆದಳು. ಚೀಲ ಹೊರುವ ಹಮಾಲರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು, ಮಾಲು ತಂದ ರೈತರು, ಯಾರೇ ಕೆಮ್ಮುತ್ತ ಬಂದರೂ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಯಾರು, ಯಾವ ಊರು, ಯಾವ ಜಾತಿ ಎಂದು ಕೇಳಿದವಳಲ್ಲ. ಕೆಮ್ಮು ಬಂದವನಿಗೆ ಉತ್ತರ ಹೇಳಲಿಕ್ಕೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಬದುಕಿದ್ದಾಗ ಪೇಟೆ ಅವಳ ಕಡೆ ತಿರುಗಿ ನೋಡಿದ್ದಕ್ಕೆ ಯಾವ ದಾಖಲೆಯೂ ಸಿಕ್ಕಿಲ್ಲ. ತೀರಿಕೊಂಡ ದಿನ ಮಾತ್ರ ಪೇಟೆಗೆ ಪೇಟೆಯೇ ಗಂಟಲು ಕಟ್ಟಿ ನಿಂತಿತು. ಆಗ ಎಲ್ಲರಿಗೂ ಅವಳ ದೊಡ್ಡತನ ಅರಿವಾಯಿತು. ಮಣ್ಣು ಮಾಡಿ ಬಂದ ಮರುದಿನವೇ ಮಗಳು ಚೌಡವ್ವ ಅದೇ ಮರದ ಕೆಳಗೆ ಅದೇ ಹರವಿಗಳಿಗೆ ನೀರು ತುಂಬಿದಳು. ಪೇಟೆಯ ಗಂಟಲು ಸರಿಹೋಯಿತು, ಹಾಗಾಗಿ ಚೌಡವ್ವನನ್ನೂ ಯಾರೂ ತಿರುಗಿ ನೋಡಲಿಲ್ಲ. ಮೈಲವ್ವನಿಗಾದರೋ ಒಂದು ಸ್ಮಾರಕ ಆಗಲೇಬೇಕೆಂದು ತೀರ್ಮಾನವಾಯಿತು.

ಮೈಲವ್ವ ಸ್ಮಾರಕ ಪ್ರತಿಮಾ ಸ್ಥಾಪನಾ ಸಮಿತಿಯ ಅಧ್ಯಕ್ಷರು ಅಂದಾನೆಪ್ಪ ಸಾವ್ಕಾರ್ರು, ಪೇಟೆಯ ಹಳೆಯ ದಲಾಲಿ ಅಂಗಡಿಯವರು. ಉಪಾಧ್ಯಕ್ಷೆ ಪುಷ್ಪಾವತಿ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸುವವರು. ಕಾರ್ಯದರ್ಶಿ ಹಾವೇರಿಯ ವಿಜಯಮಹಾಂತೇಶ, ಯಾವುದೋ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತೇ ಹೊರತು ನಿಯಮಗಳು ಬಿಟ್ಟಿರಲಿಲ್ಲ.

ಪ್ರತಿಮೆಯನ್ನು ಮೈಲವ್ವ ನಿಂತ ಜಾಗದಲ್ಲೇ ನಿಲ್ಲಿಸಬೇಕೆಂದು ಸರ್ವಾನುಮತದ ಠರಾವು ಆಯಿತು. ಪ್ರತಿಮೆಗೆ ಮರ್ಯಾದೆ ಇರಬೇಕಲ್ಲ, ಅದಕ್ಕಾಗಿ ಕಾರ್ಯದರ್ಶಿಗಳು ಮೂರು ನಿಯಮಗಳನ್ನು ರಚಿಸಿದರು. ಒಂದು, ಬೇವಿನ ಮರದ ನೆರಳು ಬೀಳುವಷ್ಟು ಜಾಗವನ್ನು ಗೌರವ ವಲಯ ಎಂದು ಕರೆಯತಕ್ಕದ್ದು. ಎರಡು, ಗೌರವ ವಲಯದಲ್ಲಿ ಕೂರುವುದು, ನೆರಳು ಪಡೆಯುವುದು, ಕೆಮ್ಮುವುದು ಮತ್ತು ನೀರು ವಿತರಿಸುವುದನ್ನು ನಿಷೇಧಿಸಲಾಗಿದೆ. ಮೂರು, ಪ್ರತಿಮೆಯ ಅಂಗವಾಗಿರುವ ವಸ್ತುಗಳಿಗೆ ಎರಡನೆಯ ನಿಯಮ ಅನ್ವಯಿಸುವುದಿಲ್ಲ. ಈ ಮೂರನೆಯದು ಬೇಕಾದದ್ದು ಯಾಕೆಂದರೆ, ಶಿಲ್ಪಿಗಳ ನಕ್ಷೆಯಲ್ಲಿ ಮೈಲವ್ವನ ಕೈಯಲ್ಲಿ ತಂಬಿಗೆ ಇತ್ತು, ತನ್ನದೇ ತಂಬಿಗೆಯಿಂದ ಪ್ರತಿಮೆ ನಿಯಮ ಮುರಿದಂತಾಗಬಾರದಲ್ಲ.

ನಿಯಮಗಳನ್ನು ತಿಳಿಸಲು ಚೌಡವ್ವನನ್ನು ಅಧ್ಯಕ್ಷರ ಅಂಗಡಿಗೆ ಕರೆಸಲಾಯಿತು. ಅರವತ್ತರ ಹತ್ತಿರದ ಹೆಂಗಸು, ಗಟ್ಟಿ ಆಳು, ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಚೌಡವ್ವಾ, ನಿಮ್ಮವ್ವನ ಮೂರ್ತಿ ಮಾಡಸಾಕತ್ತೀವಿ. ನಿನಗ ಖುಷಿ ಆಗಬೇಕು," ಎಂದರು ಅಂದಾನೆಪ್ಪ.

"ಆಗೇತ್ರಿ ಸಾವ್ಕಾರ್ರ. ಎಲ್ಲಿ ನಿಂದ್ರಸ್ತೀರಿ?"

"ಅಕಿ ನಿಂತಲ್ಲೇ. ಬೇವಿನ ಗಿಡದ ಬುಡಕ."

"ಮತ್ತ ಹರವಿ?"

"ಹರವಿ ತಗೀಬೇಕಾಗತೈತಿ ಚೌಡವ್ವಾ," ಎಂದು ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡರು. "ನಿಮ್ಮವ್ವನ ಗೌರವಕ್ಕ."

"ನಮ್ಮವ್ವನ ಗೌರವಕ್ಕ ನಮ್ಮವ್ವನ ಹರವಿ ತಗೀತೀರಿ?"

"ಹೌದು," ಎಂದರು ಕಾರ್ಯದರ್ಶಿಗಳು. ಇಷ್ಟು ಬೇಗ ತಿಳಿದುಕೊಂಡಳಲ್ಲ ಎಂದು ಅವರಿಗೆ ಸಂತೋಷವಾಗಿತ್ತು.

ಚೌಡವ್ವ ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ಹೇಳಿದಳು: "ಸಾಯೂ ಮುಂದ ನಮ್ಮವ್ವ ಮತ್ತೇನೂ ಕೇಳಲಿಲ್ರಿ. ಬಳಗದಾವ್ರನ್ನ ಕರಸು ಅನ್ನಲಿಲ್ಲ, ಅದು ಬೇಕು ಇದು ಬೇಕು ಅನ್ನಲಿಲ್ಲ. 'ಹರವಿ ತುಂಬ್ಯಾವೇನ?' ಅಂತ ಕೇಳಿದ್ಲು. ಹೂಂ ಯವ್ವಾ, ತುಂಬ್ಯಾವ ಅಂದೆ. ಕಣ್ಣ ಮುಚ್ಚಿದ್ಲು. ಆ ಜಾಗಾ ಬಿಟ್ಟು ಬ್ಯಾರೆ ಕಡೆ ಇಟ್ರ, ಗಂಟಲ ಕಟ್ಟಿದ ಮಂದಿ ಎಲ್ಲಿ ಅಂತ ಹುಡುಕಬೇಕ್ರಿ? ಮೂರ್ತಿ ಬ್ಯಾಡ ಅನ್ನಂಗಿಲ್ಲ. ಆ ಜಾಗಾ ಒಂದು ನನಗ ಬಿಡ್ರಿ."

ಅಂದಾನೆಪ್ಪನವರು ಛಾವಣಿಯ ಕಡೆ ನೋಡಿದರು. ಪುಷ್ಪಾವತಿಯವರು ಸೆರಗು ಸರಿಮಾಡಿಕೊಂಡರು. 'ಸದರಿ ಚೌಡವ್ವನವರು ತಾಯಿಯ ಬಗ್ಗೆ ಭಾವುಕರಾಗಿ ಮಾತನಾಡಿ ಸಂತಸ ವ್ಯಕ್ತಪಡಿಸಿದರು' ಎಂದು ಕಾರ್ಯದರ್ಶಿಗಳು ಹೇಳಿ ಬರೆಸಿದರು, ನಾನು ಬರೆದೆ. ಅನಾವರಣದ ದಿನದೊಳಗೆ ಜಾಗ ತೆರವು ಮಾಡಬೇಕೆಂದು ಅವಳ ಕೈಗೆ ಒಂದು ನೋಟೀಸನ್ನೂ ಕೊಡಲಾಯಿತು.

ಮುಂದಿನ ವಿಷಯ ಮುಖದ್ದು. ಮೈಲವ್ವ ಎಂದೂ ಫೋಟೊ ತೆಗೆಸಿಕೊಂಡವಳಲ್ಲ. ಈ ಬಗ್ಗೆ ಹಮಾಲರಲ್ಲಿ ಹಿರಿಯನಾದ ಕುತುಬುದ್ದೀನನನ್ನು ವಿಚಾರಿಸಲಾಯಿತು. ಅವನು ಮೈಲವ್ವನ ಕೈಯ ನೀರು ಕುಡಿದೇ ಮುದುಕನಾದವನು. "ಚೌಡಕ್ಕನ್ನ ನೋಡಿ ಮಾಡ್ರೆಲಾ," ಎಂದ. "ಅದ ಹಣಿ, ಅದ ಮೂಗು. ಸೊಂಟದ ಮ್ಯಾಲೆ ಕೈ ಇಟ್ಟು ನಿಂತ್ಲಂದ್ರ ನನಗ ಇವತ್ತಿಗೂ ಎದಿ ಝಲ್ ಅಂತೈತಿ." ಆದರೆ ಬದುಕಿರುವವರ ಮುಖವನ್ನು ಪ್ರತಿಮೆಗೆ ಬಳಸುವುದು ಸಂಪ್ರದಾಯಕ್ಕೆ ಒಪ್ಪುವುದಿಲ್ಲ ಎಂದು ಕಾರ್ಯದರ್ಶಿಗಳು ಆಕ್ಷೇಪ ಎತ್ತಿದರು. ಕೊನೆಗೆ 'ತ್ಯಾಗಮಯಿ, ಮಾತೃಸ್ವರೂಪಿ, ಶಾಂತ ಮುಖಮುದ್ರೆ' ಎಂದು ಶಿಲ್ಪಿಗಳಿಗೆ ಬರೆದು ಕಳಿಸಲಾಯಿತು. ಅಂಥದೊಂದು ಮುಖ ತಮ್ಮಲ್ಲಿ ತಯಾರಿದೆ ಎಂದು ಅವರು ಮರುದಿನವೇ ತಿಳಿಸಿದರು.

ಆ ಬಳಿಕ ಪ್ರತಿಮೆ ಯಾವ ಕಡೆ ಮುಖ ಮಾಡಬೇಕೆಂಬ ಚರ್ಚೆ. ಜಿಲ್ಲಾ ಕೇಂದ್ರವಾದ ಹಾವೇರಿಗೆ ಬೆನ್ನು ತೋರಿಸುವುದು ಸರಿಯಲ್ಲ ಎಂದರು ವಿಜಯಮಹಾಂತೇಶ. ಹಾಗಂತ ರಾಣೆಬೆನ್ನೂರಿಗೆ ಬೆನ್ನು ತೋರಿಸಿದರೆ ಅಲ್ಲಿಂದ ಕಟ್ಟೆಗೆಂದು ಬಂದ ಕಲ್ಲು ವಾಪಸು ಹೋಗುತ್ತದೆ ಎಂದರು ಪುಷ್ಪಾವತಿ. ಬ್ಯಾಡಗಿ ಇವೆರಡರ ನಡುವೆ ಇರುವುದೇ ಸಮಸ್ಯೆಯ ಮೂಲವೆಂದು ಸಮಿತಿ ಗುರುತಿಸಿತಾದರೂ ಅದಕ್ಕೆ ಪರಿಹಾರ ಸೂಚಿಸಲು ಆಗಲಿಲ್ಲ. ವಿಷಯವನ್ನು ಮುಂದೂಡಲಾಯಿತು.

ಪ್ರತಿಮೆ ಹೊರಟದ್ದು ಸುಗ್ಗಿ ಭರ್ತಿ ಇರುವಾಗ. ದಾರಿಯಲ್ಲಿ ಎಲ್ಲಾದರೂ ತಾಗಿ ಪೆಟ್ಟಾದೀತೆಂದು ಅಂದಾನೆಪ್ಪನವರೇ ಮುತುವರ್ಜಿ ವಹಿಸಿ ತಮ್ಮ ಅಂಗಡಿಯ ಗೋಣಿಚೀಲಗಳನ್ನು ಕಳಿಸಿದ್ದರು. ಶಿಲ್ಪಿಗಳು ಪ್ರತಿಮೆಯನ್ನು ಅವುಗಳಲ್ಲೇ ಸುತ್ತಿ ಹೊಲಿದು ಲಾರಿಗೆ ಏರಿಸಿದರು. ಚೀಲಗಳ ಮೇಲೆ ಅಂಗಡಿಯ ಗುರುತು ಢಾಳಾಗಿ ಕಾಣುತ್ತಿತ್ತು. ನಮ್ಮ ಪೇಟೆಯ ರೀತಿ ಹೇಗೆಂದರೆ, ಚೀಲದೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಚೀಲದ ಮೇಲಿನ ಗುರುತು ಯಾರದು ಎಂದು ಕೇಳುತ್ತಾರೆ. ಅಂದಾನೆಪ್ಪನವರ ಗುರುತಿನ ಮಾಲು ಆ ದಿನಗಳಲ್ಲಿ ಸೀದಾ ಊರ ಹೊರಗಿನ ಕೋಲ್ಡ್ ಸ್ಟೋರೇಜಿಗೆ ಹೋಗುತ್ತಿತ್ತು. ಪ್ರತಿಮೆಯೂ ಹೋಯಿತು. ಎಂಟು ಜನ ಸೇರಿ ಅದನ್ನು ಒಳಗೆ ಮಲಗಿಸುವಾಗ, "ಈ ವರ್ಷದ ಕಾಯಿ ತೂಕ ಚಲೋ ಐತಿ," ಎಂದು ಯಾರೋ ಮೆಚ್ಚಿಕೊಂಡರಂತೆ.

ಇದು ಗೊತ್ತಾಗುವ ಹೊತ್ತಿಗೆ ಪ್ರತಿಮೆಯ ಮುಂದೆ ಮಾಳಿಗೆಯವರೆಗೆ ಚೀಲಗಳ ಗೋಡೆ ಎದ್ದಿತ್ತು. ಸಮಿತಿ ಸ್ಥಳಪರಿಶೀಲನೆಗೆ ಹೋಯಿತು. ಥಂಡಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಕಾರ್ಯದರ್ಶಿಗಳು ಕೇಳಬೇಕಾದದ್ದನ್ನು ಕೇಳಿದರು.

"ಪ್ರತಿಮಾ ಹೊರಗ ತಗೀಬೇಕಲ್ರಿ."

"ತಗೀಬಹುದ್ರಿ," ಎಂದ ಮ್ಯಾನೇಜರ್. "ಮುಂದಿನ ಚೀಲ ಎಲ್ಲಾ ಹೊರಗ ಬಂದಮ್ಯಾಲೆ."

"ಅವು ಯಾವಾಗ ಬರತಾವ?"

"ದರ ಏರಿದಾಗ. ಈಗ ಬಿದ್ದೈತಿ, ಯಾರೂ ಮಾಲು ಬಿಡಂಗಿಲ್ಲ."

"ದರ ಯಾವಾಗ ಏರತೈತಿ?"

"ಅದು ಗೊತ್ತಿದ್ರ ನಾ ಇಲ್ಲಿ ಮಫ್ಲರ್ ಸುತಗೊಂಡು ಯಾಕ ಕುಂದ್ರತಿದ್ದೆ?"

'ಪ್ರತಿಮೆಯು ಸುರಕ್ಷಿತವಾಗಿದ್ದು ಕೆಡುವ ಸಂಭವವಿಲ್ಲ' ಎಂದು ನಡಾವಳಿಯಲ್ಲಿ ದಾಖಲಿಸಿ ಎಲ್ಲರೂ ಹೊರಗೆ ಬಿಸಿಲಿಗೆ ಬಂದು ನಿಂತೆವು.

ಅನಾವರಣ ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಮುಖ್ಯ ಅತಿಥಿಗಳ ದಿನಾಂಕ ಸಿಗುವುದೇ ದುರ್ಲಭ, ಅದು ಸಿಕ್ಕಿತ್ತು. ಆಮಂತ್ರಣ ಪತ್ರಿಕೆಗಳು ಮೂರೂ ಊರುಗಳಿಗೆ ಮುಟ್ಟಿದ್ದವು. ಅವುಗಳಲ್ಲಿ ಎಲ್ಲರ ಹೆಸರೂ ಇತ್ತು, ಮೈಲವ್ವನದೂ ಕೆಳಗೆ ಒಂದು ಕಡೆ ಇತ್ತು. ಕಾರ್ಯಕ್ರಮದ ದಿನ ಬೆಳಿಗ್ಗೆ ಸಮಿತಿ ತುರ್ತಾಗಿ ಸೇರಿದಾಗ ಅಂದಾನೆಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹೊರಗೆ ಬೇವಿನ ಮರದ ಕೆಳಗೆ ಚೌಡವ್ವ ಹರವಿಗಳನ್ನು ಖಾಲಿ ಮಾಡುತ್ತಿದ್ದಳು. ನೋಟೀಸಿನ ಕೊನೆಯ ದಿನ ಅದು. ನೀರನ್ನು ಸುಮ್ಮನೆ ಚೆಲ್ಲಲಾರದೆ ತಂಬಿಗೆ ತಂಬಿಗೆಯಾಗಿ ಮರದ ಬುಡಕ್ಕೆ ಹಾಕುತ್ತಿದ್ದಳು.

ಪುಷ್ಪಾವತಿಯವರು ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದವರು, "ಮೈಲವ್ವ ಬರಾಕ ಆಗಂಗಿಲ್ಲ ಅಂದ್ರ, ಮೈಲವ್ವನಂಗ ಇರೋರು ಬರಬಹುದಲ್ರಿ?" ಎಂದರು.

ಕಾರ್ಯದರ್ಶಿಗಳು ನಿಯಮಗಳನ್ನು ಎರಡು ಸಲ ತಿರುವಿ ಹಾಕಿದರು. ಪ್ರತಿಮೆ ಇಂಥ ಲೋಹದ್ದೇ ಆಗಿರಬೇಕು, ಉಸಿರಾಡಬಾರದು ಎಂದು ಎಲ್ಲಿಯೂ ಹೇಳಿರಲಿಲ್ಲ. ಚೌಡವ್ವನನ್ನು ಕರೆಸಲಾಯಿತು.

"ನಾ ಕಲ್ಲಾಗಬೇಕಂತೀರಿ?" ಎಂದಳು.

"ಕಂಚು," ಎಂದು ಕಾರ್ಯದರ್ಶಿಗಳು ತಿದ್ದಿದರು.

"ಎಲ್ಲೀತನಕ?"

"ದರ ಏರೂತನಕ," ಎಂದರು ಅಂದಾನೆಪ್ಪ. "ನಮ್ಮ ಮಾನ ಉಳಸು ಚೌಡವ್ವಾ. ಕೈ ಮುಗೀತೇನಿ."

"ಕೈಯಾಗ ತಂಬಿಗಿ ಇರತೈತೇನ್ರಿ?"

"ಇರತೈತಿ. ನಕ್ಷೆದಾಗ ಐತಿ."

"ಹರವಿ?"

ಕಾರ್ಯದರ್ಶಿಗಳು ಮೂರನೆಯ ನಿಯಮವನ್ನು ಗಟ್ಟಿಯಾಗಿ ಓದಿದರು, ಓದಿ ತಾವೇ ಬೆರಗಾದರು. "ಹರವಿ ಪ್ರತಿಮಾದ ಅಂಗ ಅಂತ ಬರಕೊಂಡ್ರ ಅಡ್ಡಿ ಇಲ್ಲ."

"ಬರಕೋರಿ ಮತ್ತ. ಬರದಮ್ಯಾಲೆ ಏರತೇನಿ," ಎಂದಳು ಚೌಡವ್ವ. ನಾನು ಬರೆದೆ. ಓದಿ ತೋರಿಸು ಎಂದಳು, ಓದಿ ತೋರಿಸಿದೆ. ಆಮೇಲೆ ಅವಳು ಖಾಲಿ ಮಾಡಿದ ಹರವಿಗಳನ್ನು ಮತ್ತೆ ತುಂಬಿ, ಮನೆಗೆ ಹೋಗಿ ಅವ್ವನ ಹಳೆಯ ಇಳಕಲ್ ಸೀರೆ ಉಟ್ಟು ಬಂದು ಕಟ್ಟೆ ಹತ್ತಿದಳು. ಮುಖಕ್ಕೆ ಕಂಚಿನ ಬಣ್ಣ ಬಳಿಯುವ ಸಲಹೆ ಬಂದಿತ್ತು. ಸುಗ್ಗಿಯುದ್ದಕ್ಕೂ ಆ ಧೂಳಿನಲ್ಲಿ ನಿಂತವಳಿಗೆ ಅದರ ಅವಶ್ಯಕತೆ ಕಾಣಲಿಲ್ಲ. ಬಣ್ಣದ ಡಬ್ಬಿಯನ್ನು ಕಟ್ಟೆಯ ಕಂಬಿಗೆ ಬಳಸಲಾಯಿತು.

ಮುಖ್ಯ ಅತಿಥಿಗಳು ಕದರಮಂಡಲಗಿ ಹನುಮಪ್ಪನ ದರ್ಶನ ಮುಗಿಸಿ ಬರುವುದು ತಡವಾಯಿತು. ಬಟ್ಟೆಯೊಳಗಿನಿಂದ ಪ್ರತಿಮೆ ಆಗಾಗ, "ಬಂದ್ರೇನ್ರಿ?" ಎಂದು ವಿಚಾರಿಸುತ್ತಿತ್ತು. "ಕದರಮಂಡಲಗಿ ಬಿಟ್ಟಾರಂತ, ಸುಮ್ನಿರು," ಎಂದು ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು ಉತ್ತರಿಸುತ್ತಿದ್ದರು. ಅಂತೂ ಬಂದರು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಎಲ್ಲ ಆಗಿ, ಬಟ್ಟೆಯ ಹಗ್ಗ ಎಳೆದರು.

ಆಗ ನಡೆದದ್ದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ. ಕಟ್ಟೆಯ ಮೇಲೆ ಹಳೆಯ ಸೀರೆಯಲ್ಲಿ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಲ್ಲಿ ತಂಬಿಗೆ ಹಿಡಿದು ಅವಳು ನಿಂತಿದ್ದಳು. ಇಡೀ ಪೇಟೆಗೆ ಅದು ಚೌಡವ್ವ ಎಂದು ಗೊತ್ತಿತ್ತು. ದಿನಾ ಅವಳ ಕೈಯ ನೀರನ್ನೇ ಕುಡಿಯುವ ಜನ ಅದು. ಆದರೂ ದಿನಾ ಕೆಳಗೆ ನಿಂತವಳನ್ನು ಅಂದು ಕಟ್ಟೆಯ ಮೇಲೆ ತಲೆಯೆತ್ತಿ ನೋಡಿದರು, ಹಾಗೆ ಅವರು ಅವಳನ್ನು ನೋಡಿದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿದ್ದ ಕುತುಬುದ್ದೀನ, "ಯವ್ವಾ, ಮೈಲವ್ವಾ," ಎಂದವನೇ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ತೊಟ್ಟು ಬಿಡಿಸುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನೂ ಕಣ್ಣು ಒರೆಸಿಕೊಂಡೆ. ಘಾಟಿನಿಂದ ಎಂದು ನಡಾವಳಿಯಲ್ಲಿ ಬರೆದಿದ್ದೇನೆ, ಆದರೆ ಘಾಟಿನಿಂದ ಅಲ್ಲ.

ಅಷ್ಟರಲ್ಲಿ ಪ್ರತಿಮೆ ಸೀನಿತು. ಬ್ಯಾಡಗಿಯಲ್ಲಿ ಸೀನಿದ್ದನ್ನು ಜೀವ ಇರುವುದರ ಗುರುತೆಂದು ಯಾರೂ ತಿಳಿಯುವುದಿಲ್ಲ. ಅಲ್ಲದೆ ಮುಖ್ಯ ಅತಿಥಿಗಳೂ ಅದೇ ಗಳಿಗೆಗೆ ಸೀನಿದ್ದರಿಂದ ಎರಡೂ ಸೀನುಗಳು ಅವರ ಹೆಸರಿಗೇ ಜಮಾ ಆದವು. ಅಳುತ್ತಿದ್ದ ಕುತುಬುದ್ದೀನನಿಗೆ ಕೆಮ್ಮು ಹತ್ತಿತು. ಕೆಮ್ಮು ಕೇಳಿದ್ದೇ ತಡ, ಪ್ರತಿಮೆ ಬಗ್ಗಿ ಹರವಿಯಲ್ಲಿ ತಂಬಿಗೆ ಅದ್ದಿ ಅವನ ಬೊಗಸೆಗೆ ನೀರು ಸುರಿಯಿತು.

ಮುಖ್ಯ ಅತಿಥಿಗಳು ಸ್ವಲ್ಪ ಹೊತ್ತು ನೋಡಿ, "ಒಳಗೆ ಮೋಟಾರ್ ಇದೆಯೇನ್ರೀ?" ಎಂದರು.

"ಐತ್ರಿ ಸರ," ಎಂದರು ಅಂದಾನೆಪ್ಪ. "ಹಳೇ ಕಂಪನಿದು. ಬಾಳಿಕೆ ಬರತೈತಿ."

"ಬಹಳ ನೈಜವಾಗಿದೆ. ಎಲ್ಲ ಕಡೆ ಇಂಥವೇ ಆಗಬೇಕು," ಎಂದು ಮುಖ್ಯ ಅತಿಥಿಗಳು ಭಾಷಣದಲ್ಲಿಯೂ ಹೇಳಿದರು. ಚಪ್ಪಾಳೆಗೆ ಪ್ರತಿಮೆಯೂ ತಲೆಬಾಗಿತು.

ಹೀಗೆ ಪ್ರತಿಮೆ ವಿಧ್ಯುಕ್ತವಾಗಿ ಲೋಕಾರ್ಪಣೆಗೊಂಡಿತು. ಮರುದಿನ ಬೆಳಿಗ್ಗೆ ನೋಡಿದರೆ ಚೌಡವ್ವ ತಾನಾಗಿಯೇ ಬಂದು ಕಟ್ಟೆಯ ಮೇಲೆ ನಿಂತಿದ್ದಳು, ದರ ಏರುವ ತನಕ ಎಂದು ಮಾತಾಗಿತ್ತಲ್ಲ. ಅಂದಿನಿಂದ ಸಮಿತಿಗೆ ಪ್ರತಿಮೆಯ ನಿರ್ವಹಣೆಯ ಹೊಣೆ ಬಿತ್ತು. ಮಧ್ಯಾಹ್ನದ ಊಟಕ್ಕೆ 'ದೈನಂದಿನ ದುರಸ್ತಿ' ಎಂಬ ಶೀರ್ಷಿಕೆಯಡಿ ಅನುಮತಿ ನೀಡಲಾಯಿತು. ಮುಂದೂಡಿದ್ದ ದಿಕ್ಕಿನ ವಿಷಯ ತಾನಾಗಿ ಬಗೆಹರಿಯಿತು. ಪ್ರತಿಮೆ ಬೆಳಿಗ್ಗೆ ಹಾವೇರಿಯ ಕಡೆಗೂ ಊಟವಾದ ಮೇಲೆ ರಾಣೆಬೆನ್ನೂರಿನ ಕಡೆಗೂ ಮುಖ ಮಾಡುತ್ತದೆ. ಈ ಸೌಲಭ್ಯ ಕಂಚಿನಲ್ಲಿ ಸಿಗುವುದಿಲ್ಲ. ಬೇರೆ ಊರುಗಳಲ್ಲಿ ಪ್ರತಿಮೆಗಳ ತಲೆಯ ಮೇಲೆ ಕಾಗೆ ಕೂರುವುದು ದೊಡ್ಡ ತಲೆನೋವು, ಇಲ್ಲಿ ಪ್ರತಿಮೆಯೇ ಅವುಗಳನ್ನು ಹುಶ್ ಎನ್ನುತ್ತದೆ. ಮೈಲವ್ವನ ಪುಣ್ಯತಿಥಿಗೆ ಹಾಲಿನ ಅಭಿಷೇಕವಾಗಬೇಕೆಂದು ಭಕ್ತರು ಹಟ ಹಿಡಿದಾಗ, ಪ್ರತಿಮೆಗೆ ನೆಗಡಿಯಾದೀತೆಂಬ ಕಾರಣಕ್ಕೆ ಹಾಲನ್ನು ಚಹಾದ ರೂಪದಲ್ಲಿ ಅರ್ಪಿಸಲಾಯಿತು.

ಒಂದೇ ಒಂದು ದೂರು ಬಂತು. ಪ್ರತಿಮೆ ಮಾತಾಡುತ್ತದೆ ಎಂದು. ಹಸಿ ಕಾಯಿಯನ್ನು ಒಣ ಕಾಯಿಯ ಚೀಲದಲ್ಲಿ ತುರುಕುತ್ತಿದ್ದ ಒಬ್ಬ ವ್ಯಾಪಾರಿಗೆ ಅದು ಕಟ್ಟೆಯ ಮೇಲಿನಿಂದ, "ಯಪ್ಪಾ, ನನಗ ಇಲ್ಲಿಂದ ಎಲ್ಲಾ ಕಾಣತೈತಿ," ಎಂದಿತ್ತಂತೆ. ಪ್ರತಿಮೆಗಳು ಸಮಾಜಕ್ಕೆ ಸಂದೇಶ ನೀಡಬೇಕೆಂಬುದು ಸ್ಥಾಪನೆಯ ಉದ್ದೇಶಗಳಲ್ಲೊಂದು ಎಂದು ತಿಳಿಸಿ ಕಾರ್ಯದರ್ಶಿಗಳು ದೂರನ್ನು ಮುಕ್ತಾಯಗೊಳಿಸಿದರು.

ಮರುವರ್ಷ ದರ ಏರಿತು. ಏರದಿರಲಿ ಎಂದು ಪೇಟೆಯಲ್ಲಿ ಬಯಸಿದವಳು ಚೌಡವ್ವ ಒಬ್ಬಳೇ ಇರಬೇಕು. ದರದ ಸುದ್ದಿ ಬಂದ ದಿನ ಅವಳು ಕಟ್ಟೆಯ ಮೇಲೆ ನಿಂತೇ ಇದ್ದಳು, ಆದರೆ ಕಾಗೆಗಳನ್ನು ಓಡಿಸಲಿಲ್ಲ. "ಇನ್ನ ನಾ ಇಳೀಬೇಕೇನ್ರಿ?" ಎಂದು ನನ್ನನ್ನು ಕೇಳಿದಳು. ಸಮಿತಿ ನಿರ್ಣಯಿಸಬೇಕು ಎಂದೆ. ನನ್ನ ಕೈಲಿ ಇನ್ನೇನು ಇತ್ತು? ಕೋಲ್ಡ್ ಸ್ಟೋರೇಜಿನಿಂದ ಚೀಲಗಳು ಒಂದೊಂದಾಗಿ ಹೊರಬಿದ್ದವು, ಕೊನೆಗೆ ಕಂಚಿನದೂ ಹೊರಬಂತು.

ಕಟ್ಟೆಯ ಹತ್ತಿರ ತಂದು ಗೋಣಿ ಬಿಚ್ಚಿದಾಗ ಜನ ಮುತ್ತಿಕೊಂಡಿತ್ತು. ನೀಳ ಮೂಗು, ತಿದ್ದಿದ ಹುಬ್ಬು, ಎಲ್ಲಿಯೋ ದೂರದಲ್ಲಿ ಏನನ್ನೋ ನೋಡುತ್ತಿರುವ ಕಣ್ಣು. ತ್ಯಾಗಮಯಿ ಹೌದು, ಮಾತೃಸ್ವರೂಪಿ ಹೌದು. ಮೈಮೇಲೆಲ್ಲ ಇಬ್ಬನಿ ಕೂತು ಹನಿಹನಿಯಾಗಿ ಇಳಿಯುತ್ತಿತ್ತು. ಚೌಡವ್ವ ಕಟ್ಟೆ ಇಳಿದು ಬಂದು ಸುತ್ತ ತಿರುಗಿ ನೋಡಿದಳು.

"ಇವರು ಯಾರ್ರಿ?"

"ನಿಮ್ಮವ್ವ," ಎಂದರು ಕಾರ್ಯದರ್ಶಿಗಳು.

"ಪಾಪ, ಯಾರ ಮನಿ ಹೆಣ್ಣಮಗಳೋ ಏನೋ. ವರ್ಷಪೂರ್ತಿ ಥಂಡ್ಯಾಗ ಮಲಗಿ ಬಂದಾಳ," ಎಂದು ಸೆರಗಿನಿಂದ ಅದರ ಮುಖ ಒರೆಸಿದಳು.

ಎರಡರಲ್ಲಿ ಅಸಲು ಯಾವುದು ಎಂಬ ಪ್ರಶ್ನೆ ಎದ್ದಿತು. ಸಮಿತಿಯ ಪ್ರಕಾರ ಇದಕ್ಕೆ ಅಧಿಕೃತ ಪರೀಕ್ಷೆ ಆಗಬೇಕಿತ್ತು, ಪರೀಕ್ಷಕನಾಗಿ ಕುತುಬುದ್ದೀನನನ್ನು ನೇಮಿಸಲಾಯಿತು. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕಂಚಿನ ಮುಂದೆ ಹೋಗಿ ಬೊಗಸೆ ಒಡ್ಡಿ, "ಯವ್ವಾ, ಗಂಟಲ ಕಟ್ಟೇತಿ. ನೀರ ಹಾಕ," ಎಂದ.

ಸಮಿತಿ ಸಾಕಷ್ಟು ಹೊತ್ತು ಕಾಯಿತು. ಕಂಚು ದೂರಕ್ಕೆ ನೋಡುತ್ತಲೇ ಇತ್ತು. ಕುತುಬುದ್ದೀನನ ಬೊಗಸೆ ಹಾಗೆಯೇ ಗಾಳಿಯಲ್ಲಿ ನಿಂತಿತ್ತು, ಅವನು ಕೆಮ್ಮಲಿಕ್ಕೆ ಶುರುಮಾಡಿದ. ಆಗ ಚೌಡವ್ವನಿಗೆ ತಡೆಯಲಾಗಲಿಲ್ಲ. ಪರೀಕ್ಷೆ ನಡೆದಿದೆ, ಮಧ್ಯೆ ಬರಬಾರದು ಎಂದು ಕಾರ್ಯದರ್ಶಿಗಳು ಕೈ ಅಡ್ಡ ಮಾಡುತ್ತಿರುವಾಗಲೇ ತಂಬಿಗೆ ಅದ್ದಿ ನೀರು ಸುರಿದಳು. ಅವನು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಸಮಿತಿಯ ಕಡೆ ತಿರುಗಿ ಚೌಡವ್ವನ ಕಡೆ ಬೆರಳು ಮಾಡಿದ.

"ಇಕಿ ಮೈಲವ್ವ," ಎಂದ. "ಅವರನ್ನ ಅವರ ಊರಿಗೆ ಬಿಟ್ಟು ಬರ್ರಿ."

ವಿಜಯಮಹಾಂತೇಶರು ಅಂಗಡಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದರು. ಅವರನ್ನು ಕಾಡುತ್ತಿದ್ದದ್ದು ಬೇರೆ. ದಾಖಲೆಯ ಪ್ರಕಾರ ಮೈಲವ್ವನ ಪ್ರತಿಮೆ ಒಂದೇ, ಅದು ಹಿಂದಿನ ವರ್ಷವೇ ಅನಾವರಣಗೊಂಡಿದೆ. ಹಾಗಾದರೆ ಈ ಎರಡನೆಯದು ಯಾರದು? ಅಷ್ಟೇ ಅಲ್ಲ, ಜಾಗ ತೆರವು ಮಾಡಬೇಕೆಂದು ಚೌಡವ್ವನಿಗೆ ಕೊಟ್ಟ ನೋಟೀಸು ಇನ್ನೂ ಬಾಕಿ ಉಳಿದಿದೆ, ಅದನ್ನು ಪಾಲಿಸಿದ್ದಾಳೋ ಇಲ್ಲವೋ ಎಂದು ವರದಿ ಹಾಕಬೇಕು. ಚಹಾ ಎರಡು ಸಲ ಬಂದು ಹೋದ ಮೇಲೆ ಅವರ ಮುಖ ಬೆಳಗಿತು. ಎರಡು ಬಾಕಿ ವಿಷಯಗಳು ಒಂದಕ್ಕೊಂದು ಉತ್ತರವಾಗಿದ್ದವು.

ಅದರಂತೆ ಕಂಚಿನ ಪ್ರತಿಮೆಯನ್ನು ಚೌಡವ್ವ ಎಂದು ದಾಖಲಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಸಾಗಿಸಲಾಯಿತು. ಸದರಿ ಚೌಡವ್ವನವರು ನೋಟೀಸಿನ ಆದೇಶಕ್ಕೆ ತಲೆಬಾಗಿ ಬೇವಿನ ಮರದ ಜಾಗ ತೆರವುಗೊಳಿಸಿ, ಊರ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ ವಾಸವಾಗಿದ್ದಾರೆಂದು ವರದಿ ಸಲ್ಲಿಕೆಯಾಯಿತು. ಅವರು ಅಲ್ಲಿಂದ ಹೊರಬಂದು ನಿಯಮ ಮುರಿಯುವ ಲಕ್ಷಣಗಳು ಕಂಡುಬಂದಿಲ್ಲ. ಹಬ್ಬಕ್ಕೊಮ್ಮೆ ಅಸಲಿ ಚೌಡವ್ವ ಹೋಗಿ ಅದಕ್ಕೆ ಕುಂಕುಮ ಇಟ್ಟು, ಒಂದು ತಂಬಿಗೆ ನೀರು ಇಟ್ಟು ಬರುತ್ತಾಳೆ. ಮ್ಯಾನೇಜರ್ ಅದಕ್ಕೊಂದು ಮಫ್ಲರ್ ಸುತ್ತಿದ್ದಾನೆ.

ಈಗ ಪೇಟೆಯಲ್ಲಿ ಇದೆಲ್ಲ ಯಾರಿಗೂ ವಿಶೇಷ ಅನಿಸುವುದಿಲ್ಲ. ಹೊರಗಿನಿಂದ ಬಂದವರು ಮಧ್ಯಾಹ್ನದ ಹೊತ್ತು ಖಾಲಿ ಕಟ್ಟೆ ನೋಡಿ, ಪ್ರತಿಮೆ ಎಲ್ಲಿ ಎಂದು ಕೇಳಿದರೆ, "ಉಣ್ಣಾಕ ಹೋಗೇತ್ರಿ, ಇನ್ನೇನ ಬಂತು. ನೆರಳಾಗ ಕುಂದ್ರಿ," ಎನ್ನುತ್ತಾರೆ. ಗೌರವ ವಲಯದಲ್ಲಿ ಕೂರುವುದು, ನೆರಳು ಪಡೆಯುವುದು ಮತ್ತು ಕೆಮ್ಮುವುದನ್ನು ಪ್ರತಿಮೆಗೆ ಸಲ್ಲಿಸುವ ಗೌರವವೆಂದು ಪರಿಗಣಿಸಿ ನಿಯಮ ತಿದ್ದಲಾಗಿದೆ. ರಾಣೆಬೆನ್ನೂರಿನವರೂ ಹಾವೇರಿಯವರೂ ತಮ್ಮ ತಮ್ಮ ಪಾಲಿನ ಹೊತ್ತಿನಲ್ಲಿ ಬಂದು ಕೈ ಮುಗಿದು, ಬೆಲ್ಲ ತಿಂದು, ನೀರು ಕುಡಿದು ಹೋಗುತ್ತಾರೆ. ಕುತುಬುದ್ದೀನ ಅವಳನ್ನು ಮೈಲವ್ವ ಎಂದೇ ಕರೆಯುತ್ತಾನೆ. ಅವಳು ಓಗೊಡುತ್ತಾಳೆ.

ಮೊನ್ನೆ ವಾರ್ಷಿಕ ವರದಿ ಬರೆಯುವ ಮುನ್ನ ನಾನು ಪರಿಶೀಲನೆಗೆಂದು ಕಟ್ಟೆಯ ಹತ್ತಿರ ಹೋದೆ. ಅಗಡಿಯ ಬಸ್ಸಿನ ಧೂಳು ಗಂಟಲಲ್ಲಿತ್ತು. ಅವಳು ಕೇಳದೆಯೇ ನೀರು ಸುರಿದಳು, ನಾನು ಕುಡಿದೆ. "ಸರ, ಬರಿಯೂ ಮುಂದ ಒಂದು ಮಾತು ಬರಕೋರಿ," ಎಂದು ತನ್ನ ಅಹವಾಲು ಹೇಳಿದಳು. ಅದನ್ನೂ ಸೇರಿಸಿ ಸಿದ್ಧಪಡಿಸಿದ ವರದಿಗೆ ಸಮಿತಿ ಸರ್ವಾನುಮತದಿಂದ ಒಪ್ಪಿಗೆ ನೀಡಿದೆ. ಅದರ ಪೂರ್ಣ ಪಾಠ ಹೀಗಿದೆ:

'ಮೈಲವ್ವನವರ ಪ್ರತಿಮೆಯ ಸ್ಥಿತಿ ಉತ್ತಮವಾಗಿದೆ. ಮಾತು ಸ್ಪಷ್ಟವಾಗಿದೆ. ಪ್ರತಿಮೆಗೆ ಮೊಣಕಾಲು ನೋವು ಇರುವುದರಿಂದ, ನಿಂತ ಪ್ರತಿಮೆಯನ್ನು ಕುಳಿತ ಪ್ರತಿಮೆಯನ್ನಾಗಿ ಪರಿವರ್ತಿಸಲು ಒಂದು ಸ್ಟೂಲು ಮಂಜೂರು ಮಾಡಲಾಗಿದೆ. ಹರವಿಗಳು ತುಂಬಿವೆ.'